ಭಾವನ ನಾಡಿ

ಆರೋಗ್ಯ ಕೇಂದ್ರದ ನರ್ಸಮ್ಮ ಮೂರನೆಯ ಮಹಡಿಯ ಕೊನೆಯ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಇಬ್ಬರು ಮುದುಕರ ದನಿ ಕೇಳಿಸಿತು.

"ಯಾರೋ ಬಂದಿದ್ದಾರೆ, ಬಾಗಿಲು ತೆಗಿ."

"ನೀವೇ ಹತ್ತಿರ ಇದ್ದೀರಿ ಭಾವ."

"ನಾನು ನಿನಗಿಂತ ಮೂರು ವರ್ಷ ದೊಡ್ಡವನು."

ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ನರ್ಸಮ್ಮ ಕಾದರು. ಎಂಬತ್ತೈದು ದಾಟಿದವರ ಮನೆಗಳಿಗೇ ಹೋಗುವ ಕೆಲಸವಾದ್ದರಿಂದ ಬಾಗಿಲ ಮುಂದೆ ನಿಲ್ಲುವುದಕ್ಕೆಂದೇ ಪ್ರತಿ ಮನೆಗೂ ಐದು ನಿಮಿಷ ಎತ್ತಿಟ್ಟಿದ್ದರು. ಕೊನೆಗೆ ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೇ ನಿಂತಿದ್ದರು. ಒಬ್ಬರ ಕೈ ಚಿಲಕದ ಮೇಲಿತ್ತು, ಇನ್ನೊಬ್ಬರ ಕೈ ಆ ಕೈಯ ಮೇಲಿತ್ತು.

ದೊಡ್ಡವರಿಗೆ ತೊಂಬತ್ತೊಂದು. ಐವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು, ಬೀದಿಗೆಲ್ಲ ಪೇಂಟರು. ಚಿಕ್ಕವರಿಗೆ ಎಂಬತ್ತೆಂಟು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು, ನಿವೃತ್ತರಾಗಿ ಮೂವತ್ತು ವರ್ಷವಾದರೂ ಇನ್ಸ್‌ಪೆಕ್ಟರೇ. ಪೇಂಟರು ಮದುವೆಯಾಗಿದ್ದು ಇನ್ಸ್‌ಪೆಕ್ಟರ ಅಕ್ಕನನ್ನು. ಆಕೆ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಆಗ ಭಾವನ ಜೊತೆ ನಾಲ್ಕು ದಿನ ಇದ್ದು ಹೋಗೋಣವೆಂದು ಒಂದು ಚಿಕ್ಕ ಪೆಟ್ಟಿಗೆ ಹಿಡಿದು ಬಂದ ಇನ್ಸ್‌ಪೆಕ್ಟರು ವಾಪಸ್ ಹೋಗಲಿಲ್ಲ. ಮದುವೆಯಾಗದ ಒಂಟಿ ಜೀವ. ಹೋಗು ಅಂತ ಪೇಂಟರು ಹೇಳಲಿಲ್ಲ. ಇರು ಅಂತಲೂ ಹೇಳಲಿಲ್ಲ. ಆ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ.

ಪೇಂಟರ ಮಗಳು ಅದೇ ಕಟ್ಟಡದ ಮೊದಲನೆಯ ಮಹಡಿಯಲ್ಲಿದ್ದಳು. ಅವಳಿಗೂ ಅರವತ್ತು ದಾಟಿತ್ತು. ಕೆಳಗಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಮೇಲೆ ಬಂದು ಇಬ್ಬರಿಗೂ ಊಟ ಕೊಟ್ಟು, ಇಬ್ಬರ ದೂರನ್ನೂ ಕೇಳಿ ಹೋಗುತ್ತಿದ್ದಳು. ನರ್ಸಮ್ಮನ ಪಟ್ಟಿಗೆ ಇವರ ಹೆಸರು ಬರೆಸಿದವಳೂ ಅವಳೇ.

ನರ್ಸಮ್ಮ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟರು. ಪ್ರತಿ ಪುಟದಲ್ಲೂ ನಾಲ್ಕು ಕಾಲಂ: ದಿನ, ಹೊತ್ತು, ನಾಡಿ, ಸಮ ಅಥವಾ ಅಸಮ.

"ಮೊದಲು ಐದು ನಿಮಿಷ ಸುಮ್ಮನೆ ಕೂತ್ಕೋಬೇಕು," ಎಂದರು. "ಚಹಾ ಕುಡಿದ ತಕ್ಷಣ ಬೇಡ, ಮೆಟ್ಟಿಲು ಹತ್ತಿ ಬಂದ ತಕ್ಷಣ ಬೇಡ."

"ಸುಮ್ಮನೆ ಅಂದ್ರೆ ಮಾತೂ ಆಡ್ಬಾರ್ದಾ?" ಎಂದು ಪೇಂಟರು ಕೇಳಿದರು.

"ಆಡ್ಬಾರ್ದು."

"ಹಾಗಾದ್ರೆ ನನಗೆ ಕಾಯಿಲೆ ಇದೆ ಅಂತಲೇ ಬರ್ಕೊಂಡುಬಿಡಿ. ಅದು ಸುಲಭ."

ನರ್ಸಮ್ಮ ಇಂಥದ್ದನ್ನು ದಿನಕ್ಕೆ ಆರು ಮನೆಗಳಲ್ಲಿ ಕೇಳುತ್ತಿದ್ದರು. ನಗಬೇಕಾದಷ್ಟು ನಕ್ಕು ಮುಂದುವರಿಸಿದರು. ಅಂಗೈ ಮೇಲಾಗಿಸಿ ಕೈ ಚಾಚಬೇಕು. ಹೆಬ್ಬೆಟ್ಟಿನ ಬುಡದಿಂದ ಇಳಿದು ಬಂದರೆ ಮಣಿಕಟ್ಟಿನಲ್ಲಿ ಒಂದು ತಗ್ಗು ಸಿಗುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ಮೆಲ್ಲಗೆ ಊರಿ, ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ಎಣಿಸಬೇಕು.

"ಸಂಖ್ಯೆ ಒಂದೇ ಅಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಒಂದೇ ಸಮ ಇದೆಯಾ ಅನ್ನೋದು ಮುಖ್ಯ. ಹೆಜ್ಜೆ ಹಾಕಿದ ಹಾಗೆ ಇದ್ರೆ ಸರಿ. ಒಂದು ಬೇಗ, ಒಂದು ತಡ, ಒಂದು ಇಲ್ಲವೇ ಇಲ್ಲ ಅನ್ನೋ ಥರ ಹೇಗೆಂದರೆ ಹಾಗೆ ಬಡೀತಿದ್ರೆ ನನಗೆ ಫೋನ್ ಮಾಡಿ. ಈ ವಯಸ್ಸಲ್ಲಿ ಅದು ತುಂಬ ಜನಕ್ಕೆ ಆಗುತ್ತೆ. ಎಷ್ಟೋ ಜನಕ್ಕೆ ಆಗಿದ್ದೇ ಗೊತ್ತಾಗಲ್ಲ. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಮೈಯ ಒಂದು ಪಕ್ಕ ಬಿದ್ದುಹೋಗುತ್ತೆ. ಮೊದಲೇ ತಿಳಿದ್ರೆ ಮಾತ್ರೆ ಇದೆ."

ಇನ್ಸ್‌ಪೆಕ್ಟರು ಮೇಜಿನ ಮೇಲಿನ ಪುಸ್ತಕದ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಕೂಡಿಸಿದರು.

"ನಮ್ಮವಳು ಹಾಗೇ ಹೋಗಿದ್ದು," ಎಂದು ಪೇಂಟರು ಹೇಳಿದರು. "ಬೆಳಿಗ್ಗೆ ಬಟ್ಟೆ ಮಡಚ್ತಾ ಇದ್ಲು."

ನರ್ಸಮ್ಮ ಪೇಂಟರ ಕೈ ಹಿಡಿದು ಎಣಿಸಿದರು. ಎಪ್ಪತ್ತೆರಡು, ಸಮ. ಈಗ ಪೇಂಟರೇ ನೋಡಿಕೊಳ್ಳಲಿ ಎಂದರೆ ಅವರ ಕೈ ನಡುಗುತ್ತಿತ್ತು. ಬೆರಳು ಮಣಿಕಟ್ಟಿನ ಮೇಲೆ ನಿಲ್ಲದೆ ಕುಣಿಯಿತು. ಹತ್ತು ವರ್ಷದಿಂದ ಹಾಗೇ. ಆದ್ದರಿಂದ ಅವರ ನಾಡಿ ನೋಡುವ ಕೆಲಸ ಇನ್ಸ್‌ಪೆಕ್ಟರಿಗೆ ಬಂತು. ಅವರು ಕನ್ನಡಕ ಒರೆಸಿಕೊಂಡು, ಗಡಿಯಾರ ಎದುರಿಗಿಟ್ಟುಕೊಂಡು, ಹೇಳಿದ ಹಾಗೇ ಎರಡು ಬೆರಳು ಊರಿ, ಒಂದು ನಿಮಿಷ ಉಸಿರು ಬಿಗಿಹಿಡಿದು ಕೂತು, "ಎಪ್ಪತ್ತೊಂದು" ಎಂದರು.

"ಭೇಷ್, ಮೊದಲನೇ ಸಲಕ್ಕೇ ಬಂತಲ್ಲ," ಎಂದರು ನರ್ಸಮ್ಮ.

ನಿಜ ಹೇಳಬೇಕೆಂದರೆ ಇನ್ಸ್‌ಪೆಕ್ಟರಿಗೆ ಏನೂ ಸಿಕ್ಕಿರಲಿಲ್ಲ. ಅವರ ಬೆರಳ ತುದಿಗಳು ಜೋಮು ಹಿಡಿದು ಬಹಳ ಕಾಲವಾಗಿತ್ತು. ನರ್ಸಮ್ಮ ಎಪ್ಪತ್ತೆರಡು ಅಂದಿದ್ದರಿಂದ ತಾವು ಒಂದು ಕಡಿಮೆ ಹೇಳಿದರು. ಅದೇ ಅಂಕಿ ಹೇಳುವವನಿಗಿಂತ ಒಂದು ಹೆಚ್ಚುಕಡಿಮೆ ಹೇಳುವವನನ್ನು ಜನ ನಂಬುತ್ತಾರೆ ಎಂಬುದು ಅವರ ಸೇವೆಯ ಅನುಭವವಾಗಿತ್ತು.

"ಈಗ ನಿಮ್ಮದು ನೋಡೋಣ," ಎಂದು ನರ್ಸಮ್ಮ ಕೈ ಚಾಚಿದರು.

ಇನ್ಸ್‌ಪೆಕ್ಟರು ತಮ್ಮ ಕೈಯನ್ನು ಮೇಜಿನ ಕೆಳಗೆ ಇಳಿಸಿದರು. "ನನ್ನದು ಬೇಡ. ಪರೀಕ್ಷೆ ಮಾಡೋನ ತಕ್ಕಡೀನ ಅಲ್ಲೇ ಪರೀಕ್ಷೆಗೆ ಇಡೋ ಹಾಗಿಲ್ಲ. ನಿಯಮ ಇದೆ."

"ನೀವು ತಕ್ಕಡಿ ಅಲ್ವಲ್ಲ."

"ನಿಯಮ ನಿಯಮಾನೇ."

ನರ್ಸಮ್ಮ ಒತ್ತಾಯ ಮಾಡಲಿಲ್ಲ. ಮುಂದಿನ ಸಲ ನೋಡಿದರಾಯಿತು ಎಂದು ಎರಡನೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಮಾರನೆಯ ದಿನದಿಂದ ಆ ಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ಐದಕ್ಕೆ ಎಲ್ಲ ಕೆಲಸ ನಿಲ್ಲುತ್ತಿತ್ತು. ನಿಲ್ಲಿಸುವಂಥ ಕೆಲಸ ಹೆಚ್ಚೇನೂ ಇರಲಿಲ್ಲವಾದರೂ ಇನ್ಸ್‌ಪೆಕ್ಟರು ರೇಡಿಯೊ ಆರಿಸಿ, ಭಾವನನ್ನು ಬೆನ್ನು ನೆಟ್ಟಗಿರುವ ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷದ ಮೌನ ಶುರುವಾಯಿತು ಎಂದು ಹೇಳುತ್ತಿದ್ದರು. ಪೇಂಟರು ಒಂದೂವರೆ ನಿಮಿಷ ತಡೆದುಕೊಳ್ಳುತ್ತಿದ್ದರು. ಆಮೇಲೆ ಎದುರು ಸಾಲಿನ ಅಂಗಡಿಯ ಬೋರ್ಡಿನಲ್ಲಿ ಅಕ್ಷರಗಳ ನಡುವೆ ಜಾಗ ಬಿಟ್ಟಿರುವುದು ಸರಿಯಿಲ್ಲವೆಂದು ಹೇಳುತ್ತಿದ್ದರು. ಇನ್ಸ್‌ಪೆಕ್ಟರು ಮೊದಲಿಂದ ಐದು ನಿಮಿಷ ಎಣಿಸುತ್ತಿದ್ದರು. ಹೀಗೆ ಒಂದೊಂದು ದಿನ ನಾಡಿ ನೋಡುವ ಹೊತ್ತಿಗೆ ಐದೂಮುಕ್ಕಾಲು ಆಗುತ್ತಿತ್ತು.

ಮೊದಲ ಮೂರು ದಿನ ಇನ್ಸ್‌ಪೆಕ್ಟರಿಗೆ ನಾಡಿ ಸಿಗಲಿಲ್ಲ. ಸಿಗಲಿಲ್ಲ ಎಂದು ಅವರು ಯಾರಿಗೂ ಹೇಳಲಿಲ್ಲ. ಪುಸ್ತಕದಲ್ಲಿ ಸುಳ್ಳು ಬರೆಯುವುದಂತೂ ಅವರಿಂದ ಆಗದ ಮಾತು, ಹಾಗಾಗಿ ಅಡ್ಡಗೆರೆ ಎಳೆದರು. ನಾಲ್ಕನೆಯ ದಿನ ಬೆಳಿಗ್ಗೆ ಭಾವನ ಮಣಿಕಟ್ಟನ್ನು ಹೇಗೆ ಹೇಗೋ ಹಿಡಿದು ನೋಡುತ್ತಿದ್ದಾಗ ತಟ್ಟನೆ ಸಿಕ್ಕಿತು. ಜೋರಾಗಿಯೇ ಸಿಕ್ಕಿತು. ಇಷ್ಟು ಸುಲಭವಾಗಿದ್ದದ್ದನ್ನು ಆ ಹೆಂಗಸು ಯಾಕೆ ಅಷ್ಟು ಕಷ್ಟಮಾಡಿ ಹೇಳಿಕೊಟ್ಟಳು ಎಂದು ಅವರಿಗೆ ಆಶ್ಚರ್ಯವಾಯಿತು. ಎಣಿಸಿದರು. ತೊಂಬತ್ತನಾಲ್ಕು.

ಆದರೆ ಸಂಖ್ಯೆಗಿಂತ ಅವರಿಗೆ ಗಾಬರಿ ಹುಟ್ಟಿಸಿದ್ದು ಬಡಿತದ ರೀತಿ. ಎರಡು ಒಟ್ಟೊಟ್ಟಿಗೆ ಬಂದವು. ಒಂದು ಬರಲೇ ಇಲ್ಲ. ಆಮೇಲೆ ಮೂರು ಓಡೋಡಿ ಬಂದು, ನಾಲ್ಕನೆಯದು ಎಲ್ಲೋ ನಿಂತು ಸುಧಾರಿಸಿಕೊಂಡು ಬಂತು.

ಅವರು ಪುಸ್ತಕದಲ್ಲಿ 'ಅಸಮ' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ಮುಚ್ಚಿದರು.

"ಎಷ್ಟು?" ಎಂದರು ಪೇಂಟರು.

"ಸರಿಯಾಗಿದೆ."

ಒಂದು ಸಲದ ಅಳತೆಯನ್ನು ನಂಬಬಾರದು, ಹಲವು ಸಲ ಅಳೆದ ಮೇಲೇ ತೀರ್ಮಾನ ಎಂಬುದು ಇಲಾಖೆಯಲ್ಲಿ ಕಲಿತದ್ದು. ಅದಕ್ಕಾಗಿ ನರ್ಸಮ್ಮನಿಗೆ ಫೋನ್ ಮಾಡದೆ ನಾಲ್ಕು ದಿನ ನೋಡಿದರು. ಎಲ್ಲ ಸಲವೂ ಅಸಮ. ಆ ನಾಲ್ಕು ದಿನಗಳಲ್ಲಿ ಮನೆಯೊಳಗೆ ವಿಚಿತ್ರ ಬದಲಾವಣೆಗಳಾದವು. ಕಿಟಕಿಯ ಪಕ್ಕದ ಕುರ್ಚಿಗಾಗಿ ಇಬ್ಬರಿಗೂ ಹದಿನಾಲ್ಕು ವರ್ಷದಿಂದ ಜಟಾಪಟಿ ಇತ್ತು. ಅದನ್ನು ಇನ್ಸ್‌ಪೆಕ್ಟರು ಕೇಳದೆಯೇ ಬಿಟ್ಟುಕೊಟ್ಟರು. ಪತ್ರಿಕೆಯನ್ನು ಮೊದಲು ಭಾವನಿಗೆ ಕೊಟ್ಟರು. ಇಸ್ಪೀಟಿನಲ್ಲಿ ಪೇಂಟರು ಎಲೆ ಕದ್ದು ನೋಡಿದ್ದನ್ನು ಕಂಡೂ ಕಾಣದವರಂತೆ ಇದ್ದರು. ಮೂರನೆಯ ದಿನ ಪೇಂಟರು ಒಂದು ಹಳೆಯ ಕಥೆಯನ್ನು ಎರಡನೆಯ ಸಲ ಹೇಳಿದಾಗ, "ಆಮೇಲೆ?" ಎಂದು ಕೇಳಿದರು.

ಇಷ್ಟಾದ ಮೇಲೆ, ಮಾರನೆಯ ದಿನ, ಪೇಂಟರು ಪತ್ರಿಕೆ ಮಡಚಿಟ್ಟರು.

"ಇಲ್ಲಿ ಬಾ. ನಾನು ಸಾಯ್ತಾ ಇದ್ದೀನಾ?"

"ಯಾಕೆ ಹಾಗೆ ಕೇಳ್ತೀರಿ?"

"ನೀನು ಒಳ್ಳೆಯವನಾಗಿದ್ದೀಯ. ಸುಮ್ಮಸುಮ್ಮನೆ ಆಗೋವನಲ್ಲ ನೀನು."

ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ಗಡಿಯಾರ ನೋಡಿದರು. ಆಮೇಲೆ ಪುಸ್ತಕ ತಂದು ಭಾವನ ಮುಂದೆ ತೆರೆದಿಟ್ಟರು. "ನಾಡಿ ಸರಿಯಿಲ್ಲ ಭಾವ. ಬಿಟ್ಟು ಬಿಟ್ಟು ಬಡಿಯುತ್ತೆ."

"ಎಷ್ಟು ದಿನದಿಂದ?"

"ನಾಲ್ಕು ದಿನ."

"ಅದಕ್ಕೇ ಕಿಟಕಿ ಕುರ್ಚಿ ಬಿಟ್ಟುಕೊಟ್ಟಿದ್ದಾ?"

"ಹೌದು."

ಪೇಂಟರು ಯೋಚನೆ ಮಾಡಿದರು. "ಹಾಗಾದ್ರೆ ಇನ್ನೂ ನಾಲ್ಕು ದಿನ ಯಾರಿಗೂ ಹೇಳಬೇಡ."

ಆದರೆ ಇನ್ಸ್‌ಪೆಕ್ಟರು ಸಂಜೆ ಊಟ ತಂದ ಸೋದರ ಸೊಸೆಗೆ ಹೇಳಿಬಿಟ್ಟರು. ಅವಳು ನರ್ಸಮ್ಮನಿಗೆ ಫೋನ್ ಮಾಡಿದಳು. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ಅಪ್ಪನನ್ನೂ ಮಾವನನ್ನೂ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಮಾವ ಬರುವ ಅಗತ್ಯವಿರಲಿಲ್ಲ. ಆದರೆ ದಾಖಲೆ ತಮ್ಮ ಹತ್ತಿರ ಇದೆ, ಬೇರೆಯವರ ಕೈಗೆ ಕೊಡುವ ಹಾಗಿಲ್ಲ ಎಂದು ಅವರು ಪುಸ್ತಕವನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಹೊರಟರು. ಆಸ್ಪತ್ರೆಯ ಹನ್ನೆರಡು ಮೆಟ್ಟಿಲಲ್ಲಿ ಎರಡು ಕಡೆ ನಿಂತು ಗೋಡೆಯ ಮೇಲಿನ ಸೂಚನೆಗಳನ್ನು ಓದಿದರು. ಪೇಂಟರು ಎಲ್ಲೂ ನಿಲ್ಲಲಿಲ್ಲ.

ಹೃದಯದ ಡಾಕ್ಟರು ಇಸಿಜಿಯ ಉದ್ದನೆಯ ಕಾಗದ ಹಿಡಿದು ನೋಡಿದರು. "ಚೆನ್ನಾಗಿದೆಯಲ್ಲ. ಅರವತ್ತು ವರ್ಷದವರಿಗೂ ಇಷ್ಟು ಚೆನ್ನಾಗಿರಲ್ಲ."

ಇನ್ಸ್‌ಪೆಕ್ಟರು ಪುಸ್ತಕ ಮುಂದಿಟ್ಟರು. ಡಾಕ್ಟರು ಪುಟ ತಿರುವಿದರು. ದಿನ, ನಿಮಿಷದ ಸಮೇತ ಹೊತ್ತು, ಸಂಖ್ಯೆ, ಪ್ರತಿ ಸಾಲಿಗೂ ಸಹಿ.

"ಇದು ಕೆಲವರಿಗೆ ಬಂದು ಹೋಗಿ ಮಾಡುತ್ತೆ," ಎಂದರು ಡಾಕ್ಟರು. "ಈಗ ಇಲ್ಲ ಅಂದ ಮಾತ್ರಕ್ಕೆ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಒಂದು ದಿನ ಪೂರ್ತಿ ಯಂತ್ರ ಕಟ್ಟಿ ಕಳಿಸ್ತೀನಿ."

"ಆ ಯಂತ್ರಕ್ಕೆ ಕೊನೇ ಸಲ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿದ್ದು ಯಾವಾಗ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಡಾಕ್ಟರಿಗೆ ಇಪ್ಪತ್ತು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರು ಯಂತ್ರವನ್ನು ಮಗುಚಿ ಹಿಂಭಾಗ ನೋಡಿದರು. ಚೀಟಿ ಇತ್ತು. ಹೋದ ತಿಂಗಳದ್ದು. ಇನ್ಸ್‌ಪೆಕ್ಟರು ಸರಿ ಎಂದು ತಲೆಯಾಡಿಸಿ ಅನುಮತಿ ಕೊಟ್ಟರು.

ಪೇಂಟರು ಎದೆಗೆ ತಂತಿ ಅಂಟಿಸಿಕೊಂಡು, ಸೊಂಟಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಕಟ್ಟಿಕೊಂಡು ಒಂದು ದಿನ ಕಳೆದರು. ಸ್ನಾನವಿಲ್ಲ ಎಂಬುದನ್ನು ಬಿಟ್ಟರೆ ತೊಂದರೆ ಏನೂ ಇಲ್ಲ, ಅದೂ ತೊಂದರೆಯಲ್ಲ ಎಂದರು. ಇನ್ಸ್‌ಪೆಕ್ಟರು ಯಂತ್ರದ ಮೇಲೆ ಕಣ್ಣಿಡಲು ಆ ದಿನ ಮೂರು ಸಲ ನಾಡಿ ನೋಡಿದರು. ತೊಂಬತ್ತೇಳು, ನೂರ ಎರಡು, ತೊಂಬತ್ತೈದು. ಮೂರೂ ಅಸಮ.

ಎರಡು ದಿನದ ಮೇಲೆ ಯಂತ್ರದ ವರದಿ ಬಂತು. ಅದೇ ಹೊತ್ತುಗಳಲ್ಲಿ ಅರವತ್ತಾರು, ಎಪ್ಪತ್ತು, ಅರವತ್ತೆಂಟು. ಇಡೀ ದಿನದಲ್ಲಿ ತಾಳ ತಪ್ಪಿದ್ದು ಎಲ್ಲೂ ಇಲ್ಲ.

ಮಗಳು ತನ್ನ ಅಂಗಡಿಯಲ್ಲೇ ವರದಿಯದ್ದೂ ಪುಸ್ತಕದ ಪುಟಗಳದ್ದೂ ಜೆರಾಕ್ಸ್ ತೆಗೆದು ಆರೋಗ್ಯ ಕೇಂದ್ರಕ್ಕೆ ಕೊಟ್ಟು ಬಂದಳು. ನರ್ಸಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಮುದುಕರು ಮನಸ್ಸಿಗೆ ಬಂದದ್ದು ಬರೆದಿದ್ದಾರೆ ಎನ್ನಲು ಅವರಿಗೆ ಮನಸ್ಸಾಗಲಿಲ್ಲ. ಮನಸ್ಸಿಗೆ ಬಂದದ್ದು ಬರೆಯುವವರು ಎಪ್ಪತ್ತು, ಎಪ್ಪತ್ತೆರಡು ಅಂತ ಬರೆಯುತ್ತಾರೆ. ನೂರ ಎರಡು ಅಂತ ಯಾರೂ ಕಲ್ಪಿಸಿಕೊಳ್ಳುವುದಿಲ್ಲ. ಅದೂ ಅಲ್ಲದೆ ಅಡ್ಡಗೆರೆ ಎಳೆದ ಮೂರು ದಿನಗಳಿದ್ದವು. ಸುಳ್ಳು ಬರೆಯುವವನಿಗೆ ಅಡ್ಡಗೆರೆಯ ಅಗತ್ಯವೇನು?

ಅಂದು ಸಂಜೆ ಐದಕ್ಕೆ ಸರಿಯಾಗಿ ಅವರು ಆ ಮನೆಯಲ್ಲಿದ್ದರು. ಮಗಳೂ ಮೇಲೆ ಬಂದಿದ್ದಳು.

"ದಿನಾ ಹೇಗೆ ನೋಡ್ತೀರೋ ಹಾಗೇ ನೋಡಿ," ಎಂದರು ನರ್ಸಮ್ಮ. "ನಾನು ಇವರ ಇನ್ನೊಂದು ಕೈಯಲ್ಲಿ ನೋಡ್ತೀನಿ. ಇಬ್ಬರೂ ಒಟ್ಟಿಗೇ ಎಣಿಸೋಣ."

ಇನ್ಸ್‌ಪೆಕ್ಟರು ಒಪ್ಪಿದರು. ಜಂಟಿ ತಪಾಸಣೆ ಅವರಿಗೆ ಗೊತ್ತಿದ್ದ ವಿಷಯ. ಪೇಂಟರು ಎರಡೂ ಕೈ ಚಾಚಿ ಕೂತರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಪೇಂಟರೂ ಮಾತಾಡಲಿಲ್ಲ.

"ಎಪ್ಪತ್ತು," ಎಂದರು ನರ್ಸಮ್ಮ.

"ತೊಂಬತ್ತೆಂಟು," ಎಂದರು ಇನ್ಸ್‌ಪೆಕ್ಟರು. "ಅಸಮ."

"ಬಲಗೈಗೊಂದು ಎಡಗೈಗೊಂದು ಹೃದಯ ಇದೆಯಾ ನನಗೆ?" ಎಂದರು ಪೇಂಟರು.

ನರ್ಸಮ್ಮ ಇನ್ಸ್‌ಪೆಕ್ಟರ ಕೈಯನ್ನೇ ನೋಡುತ್ತಿದ್ದರು. ಭಾವನ ಮಣಿಕಟ್ಟಿನ ಮೇಲೆ ಊರಿದ್ದು ತೋರುಬೆರಳೂ ಅಲ್ಲ, ನಡುಬೆರಳೂ ಅಲ್ಲ. ಹೆಬ್ಬೆಟ್ಟು. ಮಿಕ್ಕ ನಾಲ್ಕು ಬೆರಳು ಕೆಳಗಿನಿಂದ ಹಿಡಿದಿದ್ದವು, ಬಾಗಿಲ ಹಿಡಿಕೆ ಹಿಡಿದ ಹಾಗೆ.

"ಯಾವಾಗಲೂ ಹೀಗೇ ಹಿಡೀತೀರಾ?"

"ನಾಲ್ಕನೇ ದಿನದಿಂದ. ನೀವು ಹೇಳಿಕೊಟ್ಟ ಬೆರಳಲ್ಲಿ ನನಗೆ ಸಿಗಲಿಲ್ಲ. ಇದರಲ್ಲಿ ಚೆನ್ನಾಗಿ ಸಿಗುತ್ತೆ."

ನರ್ಸಮ್ಮ ಕುರ್ಚಿಯನ್ನು ಅವರ ಕಡೆಗೆ ಎಳೆದುಕೊಂಡರು. "ಹೆಬ್ಬೆಟ್ಟಿಗೆ ಅದರದ್ದೇ ನಾಡಿ ಇದೆ. ಅದರಲ್ಲಿ ಒತ್ತಿ ಹಿಡಿದ್ರೆ ಒಂದೊಂದು ಸಲ ನಮ್ಮದೇ ಬಡಿತ ನಮಗೆ ಸಿಗುತ್ತೆ. ಎಲ್ಲ ಮನೇಲೂ ಇದನ್ನ ಹೇಳ್ತೀನಿ. ಇಲ್ಲಿ ಅವತ್ತು ಮಾತಲ್ಲಿ ಮರೆತೆ. ತಪ್ಪು ನಂದು."

ಇನ್ಸ್‌ಪೆಕ್ಟರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ನರ್ಸಮ್ಮ ಅವರ ಕೈಯನ್ನು ಮಗುಚಿ ಎರಡು ಬೆರಳು ಊರಿ ಆಗಿತ್ತು. ನಿಯಮದ ಮಾತು ಎತ್ತಲು ಅವರಿಗೆ ನೆನಪಾಗಲಿಲ್ಲ. ಗಡಿಯಾರದ ಮುಳ್ಳು ಒಂದು ಸುತ್ತು ಬಂತು. ನರ್ಸಮ್ಮ ಇನ್ನೊಂದು ಸುತ್ತು ಎಣಿಸಿದರು.

"ತೊಂಬತ್ತಾರು," ಎಂದರು. "ಅಸಮ."

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಮೊದಲು ಮಾತಾಡಿದ್ದು ಪೇಂಟರು.

"ಮೂವತ್ತೈದು ವರ್ಷ ಊರೂರು ಅಲೆದು ತಕ್ಕಡಿ ತಟ್ಟೆ ಮೇಲೆ ಹೆಬ್ಬೆಟ್ಟು ಒತ್ತೋ ಅಂಗಡಿಯೋರನ್ನ ಹಿಡಿದೆಯಲ್ಲೋ ನೀನು."

"ನಾನು ಬೇಕಂತ ಒತ್ತಿದ್ದಲ್ಲ," ಎಂದರು ಇನ್ಸ್‌ಪೆಕ್ಟರು.

"ಅವರೂ ಹಾಗೇ ಅಂತಿದ್ರಂತಲ್ಲ. ನೀನೇ ಹೇಳಿದ್ದು."

ನರ್ಸಮ್ಮ ಕೇಳಿದರು: "ಎದೇಲಿ ಏನಾದ್ರೂ ಅನ್ನಿಸ್ತಿತ್ತಾ? ಮೆಟ್ಟಿಲು ಹತ್ತೋವಾಗ ಉಸಿರು ಕಟ್ಟೋದು, ಸುಸ್ತು?"

"ಮೀನು ಹೊರಳಿದ ಹಾಗೆ ಆಗ್ತಿತ್ತು. ಗ್ಯಾಸು ಅಂದ್ಕೊಂಡಿದ್ದೆ. ಮೆಟ್ಟಿಲು ನೋಡಿದ್ರೆ, ಈ ಕಟ್ಟಡದ್ದು ಅಳತೆಗಿಂತ ಅರ್ಧ ಇಂಚು ಎತ್ತರ."

"ನಾಳೆ ಆಸ್ಪತ್ರೆಗೆ ಹೋಗೋಣ ಮಾವ," ಎಂದಳು ಮಗಳು.

"ಬೇಡ."

ಯಾಕೆ ಬೇಡ ಎಂಬುದನ್ನು ಅವರು ಹೇಳಲಿಲ್ಲ. ಇಬ್ಬರು ಹೆಂಗಸರೂ ಸರದಿಯಲ್ಲಿ ಹೇಳಿ ನೋಡಿದರು. ಮಾತ್ರೆ ತಗೊಂಡರೆ ಅಪಾಯ ಎಷ್ಟೋ ಕಡಿಮೆಯಾಗುತ್ತದೆ, ಕೊಯ್ಯುವುದು ಹೊಲಿಯುವುದು ಏನೂ ಇಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು. ಇನ್ಸ್‌ಪೆಕ್ಟರು ಎಲ್ಲವನ್ನೂ ಗಮನವಿಟ್ಟು ಕೇಳಿ, ಎಲ್ಲದಕ್ಕೂ ಬೇಡ ಎಂದರು. ಕೈ ಮತ್ತೆ ಮೇಜಿನ ಕೆಳಗೆ ಹೋಗಿತ್ತು.

ಪೇಂಟರು ಮಗಳಿಗೂ ನರ್ಸಮ್ಮನಿಗೂ ಅಡಿಗೆಮನೆಗೆ ಹೋಗಿ ಚಹಾ ಮಾಡಿ ಎಂದು ಸನ್ನೆ ಮಾಡಿದರು. ಅವರು ಹೋದ ಮೇಲೆ ಕುರ್ಚಿಯನ್ನು ಕರಕರ ಎಳೆದು ಭಾವಮೈದನ ಎದುರು ಕೂತರು.

"ಏನು ಭಯ?"

ಇನ್ಸ್‌ಪೆಕ್ಟರು ಉತ್ತರ ಕೊಡುವ ಹೊತ್ತಿಗೆ ಅಡಿಗೆಮನೆಯಲ್ಲಿ ನೀರು ಕುದಿಯುವ ಸದ್ದು ಶುರುವಾಗಿತ್ತು.

"ಅಕ್ಕ ಹೋಗೋಕೆ ಮುಂಚಿನ ವಾರ ನನಗೆ ಫೋನ್ ಮಾಡಿದ್ಲು. ಎದೆ ಒಂಥರಾ ಹೊಡ್ಕೊಳ್ಳುತ್ತೆ ಕಣೋ ಅಂದ್ಲು. ನಾನು ವಯಸ್ಸಾದ್ರೆ ಹಾಗೇ ಅಂದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ನಂದು ಮಾತ್ರ ನೋಡಿ, ಮಾತ್ರೆ ಕೊಟ್ಟು, ಸರಿಮಾಡಿ ಕಳಿಸಿಬಿಟ್ರೆ, ಅದು ನ್ಯಾಯ ಅಲ್ಲ ಭಾವ."

ಪೇಂಟರ ಕೈ ಮೊಣಕಾಲ ಮೇಲೆ ನಡುಗುತ್ತಿತ್ತು. ಅದು ಯಾವಾಗಲೂ ನಡುಗುವ ಕೈಯಾದ್ದರಿಂದ ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ನನಗೂ ಹೇಳಿದ್ಲು," ಎಂದರು ಅವರು. "ಒಂದೇ ಮನೇಲಿದ್ದೆ. ನಾನು ಬೆನ್ನಿಗೆ ದಿಂಬು ಇಟ್ಕೊಂಡು ಮಲಗು ಅಂದೆ."

ಹದಿನಾಲ್ಕು ವರ್ಷ ಇಬ್ಬರೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ ಮಾತು. ಇನ್ಸ್‌ಪೆಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಪೇಂಟರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ತೆರೆದರು.

"ಇದೆಲ್ಲ ನೀನು ಬರೆದಿದ್ದೇ ತಾನೇ?"

"ಹೌದು."

"ಸುಳ್ಳು ಬರೆದಿದ್ದೀಯಾ ಎಲ್ಲಾದ್ರೂ?"

"ಒಂದು ಅಕ್ಷರ ಇಲ್ಲ."

"ಸಹಿ?"

"ನಂದೇ."

"ಹಾಗಾದ್ರೆ ಈ ಲೆಕ್ಕಾನೆಲ್ಲ ತಗೊಂಡು ನಾನೇನು ಮಾಡ್ಲಿ? ನನ್ನ ಹೆಸರಲ್ಲಿದೆ. ನನಗೆ ಆ ಕಾಯಿಲೆ ಇಲ್ಲ ಅಂತ ಯಂತ್ರ ಹೇಳ್ತಿದೆ. ಒಂದೋ ಯಂತ್ರ ಸುಳ್ಳು, ಇಲ್ಲಾ ನೀನು ಸುಳ್ಳು ದಾಖಲೆಗೆ ಸಹಿ ಹಾಕಿದೋನು."

ಚಹಾ ತಟ್ಟೆ ಹಿಡಿದು ಹೊರಗೆ ಬಂದ ನರ್ಸಮ್ಮ, ಇನ್ಸ್‌ಪೆಕ್ಟರು ಪೆನ್ನು ತೆಗೆದಿರುವುದನ್ನು ಕಂಡರು. ಅವರು ಪುಸ್ತಕದ ಮೊದಲ ಪುಟದಲ್ಲಿ ಭಾವನ ಹೆಸರಿನ ಮೇಲೆ, ಹಿಂದಿನದು ಓದಲು ಬರುವ ಹಾಗೆ, ಒಂದೇ ಗೆರೆ ಎಳೆದರು. ಮೇಲೆ ತಮ್ಮ ಹೆಸರು ಬರೆದರು. ಪಕ್ಕದಲ್ಲಿ 'ತಿದ್ದಿದ್ದು ಸರಿ' ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿದರು.

"ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದು ಕೇಳಿದರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ ಇಸಿಜಿಯಲ್ಲಿ ಎಲ್ಲ ಕಾಣಿಸಿತು. ಗೆರೆ ಗುಡ್ಡ ಹತ್ತಿ ಇಳಿಯುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಡಾಕ್ಟರು ಪುಸ್ತಕವನ್ನು ಎರಡನೆಯ ಸಲ ತಿರುವಿ ಹಾಕಿ, ಎಷ್ಟು ದಿನದಿಂದ ಹೀಗಿದೆ ಎಂದು ತಿಳಿಯುವುದಕ್ಕೆ ಇಷ್ಟು ಒಳ್ಳೆಯ ದಾಖಲೆ ತಮಗೆ ಸಿಕ್ಕಿರುವುದು ಇದೇ ಮೊದಲು ಎಂದರು. ಇನ್ಸ್‌ಪೆಕ್ಟರು ಅದನ್ನು ಕೇಳಿಸಿಕೊಳ್ಳದವರಂತೆ ಗೋಡೆಯ ಗಡಿಯಾರವನ್ನು ತಮ್ಮ ಗಡಿಯಾರದೊಂದಿಗೆ ಹೋಲಿಸಿದರು. ಡಾಕ್ಟರು ರಕ್ತ ಹೆಪ್ಪುಗಟ್ಟದಿರಲು ಒಂದು ಮಾತ್ರೆ, ಬಡಿತ ನಿಧಾನವಾಗಲು ಒಂದು ಮಾತ್ರೆ ಬರೆದುಕೊಟ್ಟರು. ಬಿದ್ದು ಪೆಟ್ಟು ಮಾಡಿಕೊಳ್ಳಬಾರದು, ಮಾತ್ರೆ ತಪ್ಪಿಸಬಾರದು, ನಾಡಿ ದಿನಾ ನೋಡಬೇಕು.

ನಾಡಿ ನೋಡುವವರು ಯಾರು ಎಂಬುದು ಮನೆಗೆ ಬಂದ ಮೇಲೆ ಎದ್ದ ಪ್ರಶ್ನೆ. ಇನ್ಸ್‌ಪೆಕ್ಟರ ಬೆರಳಿಗೆ ಜೋಮು. ಪೇಂಟರ ಕೈಗೆ ನಡುಕ. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಬಿಪಿ, ನಾಡಿ ಎರಡನ್ನೂ ತೋರಿಸುವ ಯಂತ್ರ ಕೊಟ್ಟರು. ಅಂಗಡಿಯ ಕೆಲಸದ ನಡುವೆ ಮಗಳಿಗೆ ಬಿಡುವಾಗಿ ಕೂರಲು ಆಗುತ್ತಿದ್ದ ಭಾನುವಾರ ಮತ್ತು ಬುಧವಾರ ಅವಳು ಅದನ್ನು ಹಾಕಿ ನೋಡುವುದೆಂದಾಯಿತು. ಮಿಕ್ಕ ಐದು ದಿನ ತಾವು ನೋಡುವುದಾಗಿ ಪೇಂಟರು ಹೇಳಿದಾಗ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅವರು ಮಂಚದ ಕೆಳಗಿನಿಂದ ಒಂದು ಉದ್ದನೆಯ ಕೋಲು ಎಳೆದರು. ತುದಿಗೆ ಬಟ್ಟೆಯ ಉಂಡೆ ಸುತ್ತಿದ ಕೋಲು. ಬೋರ್ಡು ಬರೆಯುವಾಗ ಅದನ್ನು ಅಡ್ಡ ಹಿಡಿದು, ಅದರ ಮೇಲೆ ಮಣಿಕಟ್ಟು ಊರಿಕೊಂಡರೆ ಕೈ ಅಲುಗುವುದಿಲ್ಲ. ಮೇಜಿನ ಮೇಲೆ ಎರಡು ದಿಂಬಿನ ನಡುವೆ ಕೋಲನ್ನು ಅಡ್ಡ ಇಟ್ಟು, ಅದರ ಮೇಲೆ ಕೈಯ ಭಾರ ಬಿಟ್ಟು, ಎರಡು ಬೆರಳನ್ನು ಭಾವಮೈದನ ಮಣಿಕಟ್ಟಿಗೆ ಇಳಿಸಿದರು. ಕೈ ಪೂರ್ತಿ ನಿಲ್ಲಲಿಲ್ಲ. ಆದರೆ ಸಾಕಷ್ಟು ನಿಂತಿತು.

"ಸಿಕ್ತಾ?" ಎಂದರು ಇನ್ಸ್‌ಪೆಕ್ಟರು.

"ಸುಮ್ಮನಿರು. ಮಾತಾಡಬಾರ್ದು."

ಒಂದು ತಿಂಗಳ ಮೇಲೆ ನರ್ಸಮ್ಮ ಬಂದಾಗ ಪುಸ್ತಕ ಕೇಳಿ ತೆಗೆದುಕೊಂಡರು. ಭಾನುವಾರ, ಬುಧವಾರದ ಸಾಲುಗಳಲ್ಲಿ ಮಗಳ ಕೈಬರಹದಲ್ಲಿ ಅಂಕಿಗಳಿದ್ದವು. ಎಂಬತ್ತೆರಡು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು. ಮಾತ್ರೆ ಕೆಲಸ ಮಾಡುತ್ತಿತ್ತು. ಮಿಕ್ಕ ದಿನಗಳ ಸಾಲುಗಳಲ್ಲಿ ಅಂಕಿಯೇ ಇರಲಿಲ್ಲ. ದುಂಡಗೆ, ತುಸು ಅಲುಗಿದ, ಆದರೂ ಅಂಗಡಿಯ ಬೋರ್ಡಿಗೆ ಒಪ್ಪುವಂಥ ಅಕ್ಷರಗಳಲ್ಲಿ 'ಇದೆ' ಎಂದಿತ್ತು. ಮಾರನೆಯ ದಿನ 'ಇದೆ'. ಅದರ ಮಾರನೆಯ ದಿನ 'ಇದೆ, ಜೋರು'. ಒಂದು ಶುಕ್ರವಾರ 'ಇದೆ, ಕೋಪದಲ್ಲಿದ್ದಾನೆ'.

"ಸಂಖ್ಯೆ ಎಲ್ಲಿ?" ಎಂದು ನರ್ಸಮ್ಮ ಕೇಳಿದರು.

"ಎಣಿಸ್ತೀನಮ್ಮ," ಎಂದರು ಪೇಂಟರು. "ಮೂವತ್ತು ನಲವತ್ತರವರೆಗೆ ಸರಿಯಾಗೇ ಹೋಗ್ತೀನಿ. ಆಮೇಲೆ ಏನಾದ್ರೂ ನೆನಪಾಗುತ್ತೆ."

"ದಿನಾ ಹೇಳ್ತೀನಿ, ಕೇಳಲ್ಲ," ಎಂದರು ಇನ್ಸ್‌ಪೆಕ್ಟರು. "ಇದಕ್ಕೆ ನಾನು ಸಹಿ ಹಾಕಿಲ್ಲ, ನೋಡ್ಕೊಳ್ಳಿ."

ನರ್ಸಮ್ಮ ಪುಟ ತಿರುವಿ ಪೂರ್ತಿ ನೋಡಿದರು. ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ವಾರಕ್ಕೆ ಎರಡು ದಿನ ಅಂಕಿ ಸಿಗುತ್ತಿದೆ, ಸಾಕು ಎಂದು ಲೆಕ್ಕ ಹಾಕಿ, ಕೊನೆಯ ಸಾಲಿನ ಕೆಳಗೆ ತಮ್ಮ ಸಹಿ ಹಾಕಿ ಎದ್ದರು. ಐದು ಗಂಟೆಯಾಗುತ್ತಿತ್ತು. ಪೇಂಟರು ದಿಂಬುಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದರು. ಇನ್ಸ್‌ಪೆಕ್ಟರು ತೋಳಿನ ಗುಂಡಿ ಬಿಚ್ಚಿ, ಎರಡು ಮಡಿಕೆ ಮಡಚಿ, ಕೈ ಚಾಚಿದರು.

ನರ್ಸಮ್ಮ ಮೆಟ್ಟಿಲು ಇಳಿಯುವಾಗ ಪೇಂಟರು ಗಟ್ಟಿಯಾಗಿ ಎಣಿಸುವುದು ಕೇಳುತ್ತಿತ್ತು. ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು. ಅಲ್ಲಿಗೆ ನಿಂತಿತು. ಒಂದು ಕಾಲದಲ್ಲಿ ಯಾವುದೋ ಔಷಧಿ ಅಂಗಡಿಯವನು ಬೋರ್ಡು ಬರೆಸಿ, ಒಣಗುವ ಮೊದಲೇ ಅಂಗಡಿಯ ಹೆಸರು ಬದಲಾಯಿಸಿದ ಕಥೆ ಶುರುವಾಯಿತು.

"ಹಸಿರು ಬೋರ್ಡಾ?" ಎಂದು, ಎಣಿಕೆಯ ಮಾತೆತ್ತದೆ, ಇನ್ಸ್‌ಪೆಕ್ಟರು ಕೇಳಿದರು.